"ನಮ್ಮೋರೇ ಅಲ್ವಾ" ಅನ್ನುವ ಊರಲ್ಲಿ ರಕ್ಷಣೆಯ ಹೊಣೆ: ಸಣ್ಣ ಸೇವಾಸಂಸ್ಥೆಗಳಿಗೊಂದು ಕೈಪಿಡಿ

ತೀರ್ಥಹಳ್ಳಿ ಕಡೆ ಸಂಜೆ ಪಾಠ ನಡೆಸುವ ಟ್ರಸ್ಟು, ಸಾಗರದಲ್ಲಿ ಬೇಸಿಗೆ ಶಿಬಿರ ಮಾಡುವ ಬಳಗ, ಹೊಸನಗರದ ಒಂಟಿಮನೆಗಳಲ್ಲಿ ಉಳಿದ ವೃದ್ಧರಿಗೆ ಮಾತ್ರೆ ತಲುಪಿಸುವ ಸಂಘ, ಕೊಪ್ಪದ ಕಾಫಿ ತೋಟದ ಲೈನ್ ಮನೆಗಳ ಮಕ್ಕಳಿಗೆ ಪಾಠ ಹೇಳುವ ಕೇಂದ್ರ. ಮಲೆನಾಡಿನಲ್ಲಿ ಇಂಥ ಸಂಸ್ಥೆಗಳು ನಡೆಯುವುದೇ ಪರಿಚಯದ ಬಲದ ಮೇಲೆ. ಅಡುಗೆಯವರು ಖಜಾಂಚಿಯ ದೂರದ ನೆಂಟರು, ಜೀಪಿನ ಡ್ರೈವರ್ ಅಧ್ಯಕ್ಷರ ಪಕ್ಕದ ಮನೆಯ ಹುಡುಗ, ಪಾಠ ಹೇಳುವವರು ಊರಿಗೆಲ್ಲ ಮೇಷ್ಟ್ರು. ಹಣ ಕಡಿಮೆ ಇದ್ದರೂ ಕೆಲಸ ಸಾಗುವುದು ಇದರಿಂದಲೇ. ಒಂದು ಮಗು ಬಂದು "ಆ ಅಣ್ಣ ಹಿಂಗೆ ಮಾಡ್ತಾರೆ" ಅಂದ ದಿನ ಎಲ್ಲರ ಬಾಯಿ ಕಟ್ಟಿಹೋಗುವುದೂ ಇದೇ ಪರಿಚಯದಿಂದ.

ಆ ದಿನ ಯಾರು ಯಾರಿಗೆ ಹೇಳಬೇಕು, ಯಾರು ಬರೆದಿಡಬೇಕು, ಯಾರು ಠಾಣೆಗೆ ಹೋಗಬೇಕು ಎಂಬುದು ಮೊದಲೇ ಹೆಸರು ಸಮೇತ ನಿಗದಿಯಾಗಿರಬೇಕು. "ಮಕ್ಕಳ ಸುರಕ್ಷತೆ ನಮ್ಮೆಲ್ಲರ ಹೊಣೆ" ಎಂದು ಗೋಡೆಗೆ ಬರೆಸಿದ ಸಂಸ್ಥೆಯಲ್ಲಿ ಹೊತ್ತಿಗೆ ಸರಿಯಾಗಿ ಹೊಣೆ ಹೊರುವವರು ಯಾರೂ ಸಿಗುವುದಿಲ್ಲ.

ಮೊದಲು ಹೆಸರು ಬರೆಯಿರಿ

ಸಂಸ್ಥೆ ಎಷ್ಟೇ ಚಿಕ್ಕದಿರಲಿ, ಮೂರು ಜನ ಬೇಕು.

ಒಬ್ಬರು ರಕ್ಷಣಾ ಹೊಣೆಗಾರರು. ದಿನನಿತ್ಯ ಕೇಂದ್ರದಲ್ಲಿ ಇರುವವರಾಗಿರಬೇಕು, ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬಂದುಹೋಗುವವರು ಬೇಡ. ಇವರನ್ನು "ರಕ್ಷಣಾಧಿಕಾರಿ" ಎಂದು ಕರೆಯಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಅದು ಸರ್ಕಾರಿ ಹುದ್ದೆಯ ಹೆಸರು. ಠಾಣೆಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಗೊಂದಲಕ್ಕೆ ದಾರಿಯಾಗುತ್ತದೆ.

ಇನ್ನೊಬ್ಬರು ಉಪ ಹೊಣೆಗಾರರು. ಮೊದಲಿನವರು ಮದುವೆಗೋ ಆಸ್ಪತ್ರೆಗೋ ಹೋದ ದಿನವೇ ದೂರು ಬರುವುದು. ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಆಗಿರಲಿ, ಇಬ್ಬರೂ ಒಂದೇ ಮನೆಯವರಾಗಿರಬಾರದು. ಗಂಡ ಹೊಣೆಗಾರ, ಹೆಂಡತಿ ಉಪ ಹೊಣೆಗಾರ್ತಿ ಎಂಬ ಏರ್ಪಾಡು ಕಾಗದದಲ್ಲಿ ಇಬ್ಬರಂತೆ ಕಂಡರೂ ದೂರು ಕೊಡುವ ಮಗುವಿಗೆ ಇರುವುದು ಒಂದೇ ಬಾಗಿಲು.

ಮೂರನೆಯವರು ಆಡಳಿತ ಮಂಡಳಿಯ ಒಬ್ಬ ಸದಸ್ಯರು. ಅಧ್ಯಕ್ಷರು ಬೇಡ. ದೂರು ಹೊಣೆಗಾರರ ಮೇಲೇ ಬಂದರೆ ಅದು ಈ ಸದಸ್ಯರ ಹತ್ತಿರ ಹೋಗುತ್ತದೆ. ಅಧ್ಯಕ್ಷರ ಮೇಲೋ ಸಂಸ್ಥಾಪಕರ ಮೇಲೋ ಬಂದರೆ ಒಳಗಿನ ಯಾರ ಅನುಮತಿಗೂ ಕಾಯದೆ ನೇರ ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ. ಈ ಎರಡನೇ ಸಾಲನ್ನು ನೀತಿಯಲ್ಲಿ ಬರೆಯಲು ಸಂಸ್ಥಾಪಕರಿಗೆ ಮುಜುಗರವಾಗುವುದು ಸಹಜ. ಅವರ ಕೈಯಿಂದಲೇ ಸಹಿ ಹಾಕಿಸಿ.

ಇದಕ್ಕೆ ಸಭೆಯಲ್ಲಿ ಠರಾವು ಆಗಬೇಕು. ನಡಾವಳಿ ಪುಸ್ತಕದಲ್ಲಿ ಹೆಸರು, ಫೋನ್ ನಂಬರ್, ನೇಮಕದ ದಿನಾಂಕ, ಎಷ್ಟು ಅವಧಿಗೆ ಎಂಬ ನಾಲ್ಕು ವಿವರ ಇದ್ದರೆ ಸಾಕು. ಜೊತೆಗೆ ಒಂದು ವಾಕ್ಯ ಸೇರಿಸಿ: "ಅಪರಾಧದ ಶಂಕೆ ಇದ್ದಲ್ಲಿ ಪೊಲೀಸರಿಗೆ ತಿಳಿಸಲು ಹೊಣೆಗಾರರು ಮಂಡಳಿಯ ಒಪ್ಪಿಗೆಗಾಗಿ ಕಾಯಬೇಕಿಲ್ಲ." ಈ ವಾಕ್ಯ ಇಲ್ಲದೆ ಹೋದರೆ ಹೊಣೆಗಾರರು ಅಧ್ಯಕ್ಷರಿಗೆ ಫೋನ್ ಮಾಡುತ್ತಾರೆ, ಅಧ್ಯಕ್ಷರು "ಭಾನುವಾರ ಮೀಟಿಂಗ್ ಕರೆಯೋಣ" ಅನ್ನುತ್ತಾರೆ, ಭಾನುವಾರದೊಳಗೆ ಊರಿನ ನಾಲ್ಕು ಜನ ಸೇರಿ ರಾಜಿ ಮಾಡಿ ಮುಗಿಸಿರುತ್ತಾರೆ.

ಮಂಡಳಿಯ ಕೆಲಸ

ಕೆಲಸವನ್ನು ಹೊಣೆಗಾರರಿಗೆ ವಹಿಸಬಹುದು, ಉತ್ತರ ಕೊಡುವ ಹೊಣೆ ಮಾತ್ರ ಮಂಡಳಿಯದೇ. ಕಾನೂನೂ ಇದನ್ನೇ ಹೇಳುತ್ತದೆ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ, ನಡೆಯಬಹುದೆಂಬ ಆತಂಕ ಇರುವ ಯಾರೇ ಆದರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಉಸ್ತುವಾರಿ ಹೊತ್ತವರು ತಮ್ಮ ಕೈಕೆಳಗಿನವರು ಮಾಡಿದ ಅಪರಾಧವನ್ನು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು ಮತ್ತು ದಂಡ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ ಎಂಬುದೂ ಅದೇ 19ನೇ ಕಲಮಿನಲ್ಲಿದೆ. ಸಿಬ್ಬಂದಿಗೆ ಈ ಕೊನೆಯದನ್ನು ಒತ್ತಿ ಹೇಳಿ. ಹೆಚ್ಚಿನವರು ಹೆದರುವುದು "ಸುಳ್ಳಾದ್ರೆ ನಮ್ಮ ಮೇಲೇ ಕೇಸ್ ಆಗತ್ತೆ" ಎಂದು.

ಮೂರು ತಿಂಗಳಿಗೊಮ್ಮೆ ಸಭೆಯ ವಿಷಯಪಟ್ಟಿಯಲ್ಲಿ ರಕ್ಷಣೆ ಒಂದು ಖಾಯಂ ವಿಷಯವಾಗಿರಲಿ, ಅದೂ ಲೆಕ್ಕಪತ್ರಕ್ಕಿಂತ ಮೊದಲು. ಕೊನೆಗೆ ಇಟ್ಟರೆ ಕಾಫಿ ಬಂದಿರುತ್ತದೆ, ಬಸ್ಸಿಗೆ ಹೊತ್ತಾಗಿರುತ್ತದೆ. ಮಂಡಳಿಗೆ ಹೋಗುವುದು ಸಂಖ್ಯೆ ಮತ್ತು ಸ್ಥಿತಿ ಮಾತ್ರ: ಎಷ್ಟು ದೂರು ಬಂತು, ಎಲ್ಲಿಗೆ ತಿಳಿಸಲಾಯಿತು, ಏನು ಬಾಕಿ. ಮಗುವಿನ ಹೆಸರು ಆ ಸಭೆಗೆ ಹೋಗಬಾರದು. ನಾಲ್ಕು ಸಭೆ ಕಳೆದರೂ "ದೂರು: ಸೊನ್ನೆ" ಎಂದೇ ಬಂದರೆ ಖುಷಿಪಡುವ ಮೊದಲು ಮಕ್ಕಳಿಗೆ ಯಾರ ಹತ್ತಿರ ಹೇಳಬೇಕೆಂದು ಗೊತ್ತಿದೆಯೇ ಎಂದು ಐದು ಮಕ್ಕಳನ್ನು ಕೇಳಿ ನೋಡಿ.

ಸೇರಿಸಿಕೊಳ್ಳುವ ಮೊದಲು

2020ರ ಪೋಕ್ಸೋ ನಿಯಮಗಳ ಪ್ರಕಾರ ಮಕ್ಕಳನ್ನು ಇಟ್ಟುಕೊಳ್ಳುವ ಅಥವಾ ಮಕ್ಕಳೊಡನೆ ನಿಯಮಿತ ಸಂಪರ್ಕ ಇರುವ ಪ್ರತಿ ಸಂಸ್ಥೆ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು, ಒಮ್ಮೆ ಮಾಡಿಸಿ ಬಿಡದೆ ಆಗಾಗ ಮಾಡಿಸುತ್ತಿರಬೇಕು. ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಪಾಠ ಹೇಳುವವರಿಗೆ ಮಾತ್ರ ಮಾಡಿಸಿ ಡ್ರೈವರ್, ಅಡುಗೆಯವರು, ರಾತ್ರಿ ಕಾವಲಿನವರನ್ನು ಬಿಡುವುದು ಎಲ್ಲ ಕಡೆ ನಡೆಯುವ ತಪ್ಪು. ಮಗು ಒಂಟಿಯಾಗಿ ಸಿಗುವುದು ಅವರಿಗೇ ಹೆಚ್ಚು: ಕೊನೆಯ ಮಗುವನ್ನು ಇಳಿಸುವ ಜೀಪಿನಲ್ಲಿ, ಅಡುಗೆಮನೆಯ ಹಿಂದಿನ ಒಲೆ ಹತ್ತಿರ, ಬಚ್ಚಲ ಕಡೆ ಹೋಗುವ ಕತ್ತಲೆ ದಾರಿಯಲ್ಲಿ.

ಆದರೆ ಪ್ರಮಾಣಪತ್ರ ತೋರಿಸುವುದು ದಾಖಲಾದ ಕೇಸನ್ನು ಮಾತ್ರ. ಊರೊಳಗೆ ಮುಚ್ಚಿಹೋದದ್ದು ಅದರಲ್ಲಿ ಬರುವುದಿಲ್ಲ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವನ್ನು ನೋಡುವ ಅವಕಾಶ ಪೊಲೀಸ್ ಮತ್ತಿತರ ತನಿಖಾ ಸಂಸ್ಥೆಗಳಿಗಷ್ಟೇ ಇದೆ. ಹಾಗಾಗಿ ಹಿಂದೆ ಕೆಲಸ ಮಾಡಿದ ಎರಡು ಕಡೆಗೆ ನೀವೇ ಫೋನ್ ಮಾಡಿ. "ಹೆಂಗಿದ್ರು?" ಎಂದು ಕೇಳಿದರೆ "ಒಳ್ಳೇ ಜನ" ಎಂಬ ಉತ್ತರ ಬರುತ್ತದೆ. "ಅವರನ್ನ ಮತ್ತೆ ಮಕ್ಕಳ ಜೊತೆ ಕೆಲಸಕ್ಕೆ ತಗೋತೀರಾ?" ಎಂದು ಕೇಳಿ. ಆ ಕಡೆಯವರು ಎಷ್ಟು ಹೊತ್ತು ಸುಮ್ಮನಾದರು ಎಂಬುದನ್ನೂ ಗಮನಿಸಿ.

ಸ್ವಯಂಸೇವಕರಿಗೂ, ಎನ್ನೆಸ್ಸೆಸ್ಸಿನಿಂದ ಬರುವ ಕಾಲೇಜು ಹುಡುಗರಿಗೂ, ವಾರಕ್ಕೊಮ್ಮೆ ಯಕ್ಷಗಾನ ಕಲಿಸಲು ಬರುವವರಿಗೂ ಒಂದೇ ನಿಯಮ: ಪರಿಶೀಲನೆ ಮುಗಿಯುವ ತನಕ ಮಕ್ಕಳ ಜೊತೆ ಒಬ್ಬರೇ ಇರುವಂತಿಲ್ಲ.

ಮಗು ಹೇಳಿದಾಗ: ಮೊದಲ ಗಂಟೆ

ಮಗು ಹೊಣೆಗಾರರನ್ನು ಹುಡುಕಿಕೊಂಡು ಬರುವುದು ಕಡಿಮೆ. ತಟ್ಟೆ ತೊಳೆಯುವಾಗ ಅಡುಗೆಯ ಅಕ್ಕನ ಹತ್ತಿರ, ಜಾರುವ ಕಾಲುದಾರಿಯಲ್ಲಿ ಕೈಹಿಡಿದು ನಡೆಸುವ ಟೀಚರ್ ಹತ್ತಿರ ಬಾಯಿ ಬಿಡುತ್ತದೆ. ಆದ್ದರಿಂದ ಕೇಳಿಸಿಕೊಳ್ಳುವ ತರಬೇತಿ ಎಲ್ಲರಿಗೂ ಬೇಕು.

ಪೂರ್ತಿ ಕೇಳಿ. ಮುಖದಲ್ಲಿ ಗಾಬರಿ ಕಂಡರೆ ಮಗು ಅರ್ಧಕ್ಕೇ ನಿಲ್ಲಿಸುತ್ತದೆ. "ಹೇಳಿದ್ದು ಒಳ್ಳೇದಾಯ್ತು ಪುಟ್ಟಿ. ನಿಂದೇನೂ ತಪ್ಪಿಲ್ಲ" ಎಂದರೆ ಸಾಕು. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ, ಆ ಮಾತನ್ನು ಮುರಿಯಲೇಬೇಕಾಗುತ್ತದೆ. "ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ" ಎನ್ನಿ.

ಪ್ರಶ್ನೆ ಕೇಳಲೇಬೇಕಾದರೆ "ಆಮೇಲೆ ಏನಾಯ್ತು?" ಎಂಬಷ್ಟೇ. "ಅವ್ನು ಇಲ್ಲಿ ಮುಟ್ಟಿದ್ನಾ?" ಎಂದು ಕೇಳಿದರೆ ಉತ್ತರವನ್ನು ನೀವೇ ಮಗುವಿನ ಬಾಯಿಗೆ ಇಟ್ಟಂತೆ, ಮುಂದೆ ನ್ಯಾಯಾಲಯದಲ್ಲಿ "ಹೇಳಿಕೊಟ್ಟಿದ್ದು" ಎಂಬ ವಾದಕ್ಕೆ ಇದೇ ಆಧಾರವಾಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಕೇಳುವುದೂ ಬೇಡ. ಟೀಚರ್‌ಗೆ ಒಮ್ಮೆ, ಹೊಣೆಗಾರರಿಗೆ ಒಮ್ಮೆ, ಅಧ್ಯಕ್ಷರ ಪತ್ನಿಗೆ ಇನ್ನೊಮ್ಮೆ ಎಂದು ಮಗು ಹೇಳುತ್ತಾ ಹೋದರೆ ಮಾತು ಬದಲಾಗುತ್ತದೆ, ಮಗುವೂ ಸೋಲುತ್ತದೆ.

ಕೇಳಿಸಿಕೊಂಡವರು ಒಂದು ಗಂಟೆಯೊಳಗೆ ಬರೆದಿಡಲಿ. ದಿನಾಂಕ, ಸಮಯ, ಜಾಗ, ಮಗು ಆಡಿದ ಮಾತು ಆಡಿದಂತೆಯೇ. ನಮ್ಮ ಕಡೆ ಹವ್ಯಕ ಕನ್ನಡ, ದೀವರ ಕನ್ನಡ, ತುಳು, ಕೊಂಕಣಿ, ಉರ್ದು, ಲಂಬಾಣಿ ಆಡುವ ಮಕ್ಕಳಿದ್ದಾರೆ. ಅಂಗಗಳಿಗೆ ಮನೆಯಲ್ಲಿ ಬಳಸುವ ಪದವನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ, ಮಗು ಹೇಳಿದ ಪದವನ್ನೇ ಬರೆಯಿರಿ. ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದ ಕೂಲಿ ಕುಟುಂಬದ ಮಗುವಾದರೆ ಯಾವ ಭಾಷೆಯಲ್ಲಿ ಹೇಳಿತು ಎಂಬುದನ್ನೂ ದಾಖಲಿಸಿ. ದುಭಾಷಿ ಒದಗಿಸಲು ಪೋಕ್ಸೋ ಕಾಯ್ದೆಯಲ್ಲೇ ಅವಕಾಶವಿದೆ.

ಘಟನೆ ಇತ್ತೀಚಿನದಾದರೆ ಮೈ ತೊಳೆಸಬೇಡಿ, ಬಟ್ಟೆ ಒಗೆಸಬೇಡಿ. ಬಟ್ಟೆ ಬದಲಿಸಲೇಬೇಕಾದರೆ ಹಳೆಯದನ್ನು ಕಾಗದದ ಚೀಲದಲ್ಲಿಡಿ. ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದೇ ದಿನಕ್ಕೆ ಬೂಸ್ಟು ಹಿಡಿದು ಸಾಕ್ಷ್ಯ ಹಾಳಾಗುತ್ತದೆ. ಗರ್ಭ ತಡೆಯುವ ಮಾತ್ರೆಯಾಗಲಿ, ಎಚ್‌ಐವಿ ತಡೆ ಔಷಧಿಯಾಗಲಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಎಫ್‌ಐಆರ್ ಆಗದಿದ್ದರೂ ವೈದ್ಯಕೀಯ ಪರೀಕ್ಷೆ ಮಾಡಬಹುದು ಎಂದು ಪೋಕ್ಸೋ ಕಾಯ್ದೆಯ 27ನೇ ಕಲಮು ಹೇಳುತ್ತದೆ. ಹೆಣ್ಣುಮಗುವನ್ನು ಪರೀಕ್ಷಿಸುವುದು ಮಹಿಳಾ ವೈದ್ಯರೇ. ಸರ್ಕಾರಿ ಇರಲಿ ಖಾಸಗಿ ಇರಲಿ, ಆಸ್ಪತ್ರೆ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕು. "ಮೊದಲು ಸ್ಟೇಷನ್ನಿಗೆ ಹೋಗಿ ಬನ್ನಿ" ಎಂದು ಹಿಂದಕ್ಕೆ ಕಳಿಸುವಂತಿಲ್ಲ.

ಅದೇ ದಿನ

ಹೊಣೆಗಾರರು ಮಾಡಬೇಕಾದ್ದು ತಲುಪಿಸುವ ಕೆಲಸ. ನಿಜವೋ ಸುಳ್ಳೋ ತೀರ್ಮಾನಿಸುವುದು ಅವರ ಪಾಲಿನದಲ್ಲ. ಆರೋಪಿಯನ್ನು ಕರೆದು "ಹೌದೇನಪ್ಪ?" ಎಂದು ಕೇಳಿದ ಕ್ಷಣದಲ್ಲಿ ಅವನಿಗೆ ಸುಳಿವು ಸಿಕ್ಕಿತು, ಮಗುವಿನ ಮನೆಗೆ ಒತ್ತಡ ಶುರುವಾಯಿತು.

1098ಕ್ಕೆ ಕರೆ ಮಾಡಿ. ತುರ್ತು ಅಪಾಯವಿದ್ದರೆ 112. ಆದರೆ ಕರೆ ಮಾಡಿದ್ದಕ್ಕೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಠಾಣೆಗೆ ಲಿಖಿತ ದೂರೂ ಹೋಗಬೇಕು. ಪ್ರತಿ ಮಾಹಿತಿಗೂ ಪೊಲೀಸರು ನಮೂದು ಸಂಖ್ಯೆ ಕೊಟ್ಟು, ಬರೆದುಕೊಂಡು, ಮಾಹಿತಿದಾರರಿಗೆ ಓದಿ ಹೇಳಬೇಕು ಎಂಬುದು ಕಾಯ್ದೆಯ ಮಾತು. ಆ ಸಂಖ್ಯೆಯನ್ನು ಕೇಳಿ ಪಡೆದು ನಿಮ್ಮ ಪುಸ್ತಕದಲ್ಲಿ ಬರೆಯಿರಿ. "ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ" ಎಂದರೆ, ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಝೀರೋ ಎಫ್‌ಐಆರ್ ಮಾಡುವಂತೆ ಕೇಳಿ. ಘಟನೆ ಶೃಂಗೇರಿ ಕಡೆಯದು, ಮಗು ಈಗ ಇರುವುದು ತೀರ್ಥಹಳ್ಳಿಯಲ್ಲಿ ಎಂಬಂಥ ಜಿಲ್ಲೆ ಗಡಿಯ ಪ್ರಕರಣಗಳಲ್ಲಿ ಇದು ಬೇಕಾಗುತ್ತದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ನೀವೂ ನಿಮ್ಮ ಜಿಲ್ಲೆಯ ಸಮಿತಿಗೆ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಂದೊಂದು ಪ್ರತಿ ಕಳಿಸಿ, ಸ್ವೀಕೃತಿ ತೆಗೆದುಕೊಳ್ಳಿ.

ಮಗುವನ್ನು ಠಾಣೆಗೆ ಕರೆದುಕೊಂಡು ಹೋಗಬೇಕಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಇಷ್ಟಪಟ್ಟ ಜಾಗದಲ್ಲಿ, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರ ಇಲ್ಲದೆ ಪಡೆಯಬೇಕು. ರಾತ್ರಿ ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಕಷ್ಟ ಬರುವುದು ಎರಡು ಸಂದರ್ಭದಲ್ಲಿ. ಒಂದು, ಹದಿನೇಳರ ಹುಡುಗಿ, "ನಾನೇ ಇಷ್ಟಪಟ್ಟು ಹೋಗಿದ್ದು" ಎನ್ನುತ್ತಾಳೆ. 18ರೊಳಗಿನ ಒಪ್ಪಿಗೆಯನ್ನು ಪೋಕ್ಸೋ ಒಪ್ಪುವುದಿಲ್ಲ, ತಿಳಿಸುವ ಹೊಣೆ ತಪ್ಪುವುದಿಲ್ಲ. ಅವಳಿಗೆ ಮುಂಚೆಯೇ ವಿವರಿಸಿ ಹೇಳಿ, ಬೆನ್ನ ಹಿಂದೆ ಮಾಡಬೇಡಿ. ಎರಡು, ಮನೆಯವರೇ "ಮಾನ ಹೋಗತ್ತೆ ಮಾರಾಯ್ರೆ, ಊರೊಳಗೇ ಮುಗ್ಸಣ" ಎಂದು ಕೈಮುಗಿಯುತ್ತಾರೆ. ಅವರ ಸಂಕಟ ಸುಳ್ಳಲ್ಲ. ಆದರೆ ಇದನ್ನು ರಾಜಿ ಮಾಡುವ ಅಧಿಕಾರ ಊರ ಪಂಚಾಯ್ತಿಗಿಲ್ಲ, ನಿಮಗಂತೂ ಇಲ್ಲವೇ ಇಲ್ಲ. ಮಗುವಿನ ಹೆಸರು ಹೊರಗೆ ಬಾರದಂತೆ ಕಾನೂನು ಕಾಯುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಿ.

ಆರೋಪ ಒಳಗಿನವರ ಮೇಲೆ ಬಂದರೆ

ಆ ವ್ಯಕ್ತಿಯನ್ನು ಅದೇ ದಿನ ಮಕ್ಕಳಿಂದ ದೂರದ ಕೆಲಸಕ್ಕೆ ಹಾಕಿ ಅಥವಾ ಸಂಬಳ ಸಹಿತ ರಜೆ ಕೊಡಿ. ಮಗುವನ್ನು ಬೇರೆ ಕಡೆಗೆ ಸಾಗಿಸುವುದು ತಪ್ಪು. ಶಿಕ್ಷೆ ತನಗೇ ಆಯಿತು ಎಂದು ಅದು ಅಂದುಕೊಳ್ಳುತ್ತದೆ. ಆದೇಶದಲ್ಲಿ "ವಿಚಾರಣೆ ಮುಗಿಯುವವರೆಗೆ" ಎಂದಷ್ಟೇ ಬರೆಯಿರಿ, ಅಪರಾಧಿ ಎಂದು ಬರೆಯಬೇಡಿ.

ರಾಜೀನಾಮೆ ಬರೆಸಿಕೊಂಡು ಕಳಿಸಿಬಿಡುವುದು ಸುಲಭ, ಸಭೆಯಲ್ಲಿ ಎಲ್ಲರೂ ಅದನ್ನೇ ಬಯಸುತ್ತಾರೆ. ಆರು ತಿಂಗಳಿಗೆ ಅವನು ಪಕ್ಕದ ತಾಲ್ಲೂಕಿನ ಹಾಸ್ಟೆಲಿನಲ್ಲಿ ವಾರ್ಡನ್ ಆಗಿರುತ್ತಾನೆ. ರಾಜೀನಾಮೆ ಕೊಟ್ಟರೂ ಪೊಲೀಸರಿಗೆ ತಿಳಿಸುವ ಹೊಣೆ ಮುಗಿಯುವುದಿಲ್ಲ, ಮುಂದೆ ಅವನ ಬಗ್ಗೆ ಕೇಳಿ ಫೋನ್ ಬಂದಾಗ ಇದ್ದದ್ದನ್ನು ಹೇಳಬೇಕು.

ಸಿಬ್ಬಂದಿಯ ನಡುವೆ ಅಥವಾ ಸ್ವಯಂಸೇವಕಿಯ ಮೇಲೆ ಲೈಂಗಿಕ ಕಿರುಕುಳ ನಡೆದರೆ ದಾರಿ ಬೇರೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಬೇಕು: ಹಿರಿಯ ಮಹಿಳೆ ಅಧ್ಯಕ್ಷೆ, ಒಬ್ಬರು ಹೊರಗಿನ ಸದಸ್ಯರು, ಅರ್ಧದಷ್ಟಾದರೂ ಮಹಿಳೆಯರು. ಸಂಬಳವಿಲ್ಲದ ಸ್ವಯಂಸೇವಕರೂ ಆ ಕಾಯ್ದೆಯಲ್ಲಿ ಉದ್ಯೋಗಿಗಳೇ, ಆದ್ದರಿಂದ "ನಮ್ಮಲ್ಲಿ ಸಂಬಳದವರು ಆರೇ ಜನ" ಎಂಬ ನೆಪ ನಡೆಯುವುದಿಲ್ಲ. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ದೂರಿಗೆ 3 ತಿಂಗಳು, ವಿಚಾರಣೆ ಮುಗಿಸಲು 90 ದಿನ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ.

ಮನೆಭೇಟಿ, ವೃದ್ಧರು

ವಯಸ್ಕರ ವಿಷಯದಲ್ಲಿ ಅವರ ಇಚ್ಛೆಗೆ ಬೆಲೆ ಇದೆ. ಅಜ್ಜಿ "ಮಗ ಹೊಡೆದದ್ದು ಹೌದು, ಯಾರಿಗೂ ಹೇಳೋದು ಬ್ಯಾಡ" ಎಂದರೆ ಮಗುವಿನ ಪ್ರಕರಣದ ಹಾಗೆ ತಕ್ಷಣ ಠಾಣೆಗೆ ಓಡುವುದಲ್ಲ. ಪ್ರಾಣಾಪಾಯ ಇದ್ದರೆ, ಅಥವಾ ತಿಳಿದು ನಿರ್ಧರಿಸುವ ಸ್ಥಿತಿಯಲ್ಲಿ ಅವರಿಲ್ಲದಿದ್ದರೆ ಮಾತ್ರ ಕಾಯಬೇಡಿ. ಉಳಿದಂತೆ ದಾರಿಗಳನ್ನು ಹೇಳಿ: ಹಿರಿಯರ ಸಹಾಯವಾಣಿ 14567, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಶಿವಮೊಗ್ಗ ಮತ್ತು ಸಾಗರದ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶದ ಅರ್ಜಿ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ತೋಟ ಬರೆಸಿಕೊಂಡು ಕೈಬಿಟ್ಟಿದ್ದರೆ ಆ ದಾನಪತ್ರ ರದ್ದು ಮಾಡಿಸಲೂ ಅಲ್ಲಿ ಅವಕಾಶವಿದೆ. ಅಂಗವಿಕಲರ ಮೇಲಿನ ದೌರ್ಜನ್ಯವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು.

ಒಂಟಿಮನೆ ಭೇಟಿಗೆ ಇಬ್ಬರು ಹೋಗಿ. ಪಿಂಚಣಿ ಬಿಡಿಸಿಕೊಡುವುದು, ಎಟಿಎಂ ಪಿನ್ ತಿಳಿದುಕೊಳ್ಳುವುದು, ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಲು ನೆರವಾಗುವುದು, ಅಡಿಕೆ ಮಾರಿಕೊಡುವುದು ಯಾವುದೂ ಬೇಡ. ಉಪಕಾರವೆಂದೇ ಮಾಡಿದರೂ ಮುಂದಿನ ವರ್ಷ ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ನಿಮ್ಮ ಸ್ವಯಂಸೇವಕರ ಹೆಸರು ಬರುತ್ತದೆ.

ದಾನಿಗಳು, ಫೋಟೊ, ರಾತ್ರಿ ಉಳಿದ ಮಗು

ಹುಟ್ಟುಹಬ್ಬಕ್ಕೆ ಊಟ ಹಾಕಿಸುವ ದಾನಿಗಳಿಗೆ ಸ್ವಾಗತ. ಮಲಗುವ ಕೋಣೆ, ಬಚ್ಚಲ ಕಡೆ ಪ್ರವೇಶವಿಲ್ಲ. ಒಂದೇ ಮಗುವಿಗೆ ಉಡುಗೊರೆ ಇಲ್ಲ. "ಎರಡು ದಿನ ಮನೆಗೆ ಕರ್ಕೊಂಡು ಹೋಗ್ತೀವಿ" ಎಂದರೆ ಖಂಡಿತ ಇಲ್ಲ. ದೊಡ್ಡ ಮೊತ್ತದ ದಾನಿಗೆ ಇದನ್ನು ಹೇಳಲು ಹೊಣೆಗಾರರ ನಾಲಿಗೆ ಏಳುವುದಿಲ್ಲ, ಆ ಕೆಲಸ ಅಧ್ಯಕ್ಷರದು ಎಂದು ಬರೆದಿಡಿ. ಪ್ರಕರಣಕ್ಕೆ ಸಂಬಂಧಿಸಿದ ಮಗುವಿನ ಗುರುತು ಬಿಡುವುದು ಅಪರಾಧ. ಹೆಸರು ಬಿಟ್ಟರೂ "ಆಗುಂಬೆ ಸಮೀಪದ ಹಳ್ಳಿಯ, ಎಂಟನೇ ತರಗತಿಯ ಬಾಲಕಿ" ಎಂದು ವಾಟ್ಸಾಪ್ ಗುಂಪಿಗೆ ಹಾಕಿದರೆ ಹನ್ನೆರಡು ಮನೆಯ ಊರಲ್ಲಿ ಇನ್ನೇನು ಉಳಿಯಿತು?

ಮನೆ ಬಿಟ್ಟು ಬಂದ ಮಗುವನ್ನು "ಪಾಪ, ಇರಲಿ" ಎಂದು ನಾಲ್ಕು ದಿನ ಇಟ್ಟುಕೊಳ್ಳುವುದೂ ತಪ್ಪೇ. ಬಾಲನ್ಯಾಯ ಕಾಯ್ದೆ ಪ್ರಕಾರ, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಪೊಲೀಸರಿಗೋ 1098ಕ್ಕೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ಪಾಲನೆ, ರಕ್ಷಣೆ ಬೇಕಿರುವ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ 41ನೇ ಕಲಮಿನಡಿ ನೋಂದಣಿ ಆಗಿರಲೇಬೇಕು.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಎಲ್ಲ ನಂಬರುಗಳೂ ಫೋನಿನೊಳಗೇ ಇದ್ದರೆ ಚಾರ್ಜ್ ಮುಗಿದಾಗ ಏನೂ ಇಲ್ಲ. 1098, 112, ಮಹಿಳೆಯರಿಗೆ 181, ಠಾಣೆಯ ಸ್ಥಿರ ದೂರವಾಣಿ, ಹೊಣೆಗಾರರಿಬ್ಬರ ನಂಬರ್ ದೊಡ್ಡ ಅಕ್ಷರದಲ್ಲಿ ಬರೆಸಿ, ಲ್ಯಾಮಿನೇಟ್ ಮಾಡಿಸಿ, ಮಕ್ಕಳ ಕಣ್ಣಿನ ಎತ್ತರಕ್ಕೆ ತೂಗುಹಾಕಿ. ನೆಟ್‌ವರ್ಕ್ ಸಿಗುವ ಜಾಗ ಯಾವುದು, ರಾತ್ರಿ ಕರೆದರೆ ಬರುವ ಜೀಪು ಯಾರದು ಎಂಬುದೂ ಅದರಲ್ಲಿರಲಿ. ಸಂಜೆ ಪಾಠ ಮುಗಿಯುವ ಹೊತ್ತನ್ನು ಕೊನೆಯ ಬಸ್ಸಿಗೆ ಅರ್ಧ ಗಂಟೆ ಮುಂಚೆ ಇಡಿ. ಬಸ್ಸು ತಪ್ಪಿದ ಮಗುವನ್ನು ಬೈಕಿನಲ್ಲಿ ಬಿಟ್ಟು ಬರುವ "ಒಳ್ಳೇ ಅಣ್ಣ" ಬೇಕಾಗುವುದೇ ಬೇಡ.

ಪುಸ್ತಕ ಮತ್ತು ಬೀಗ

ದಾಖಲೆಗೆ ಬಿಡಿ ಹಾಳೆಗಳ ಫೈಲು ಬೇಡ. ಪುಟ ಸಂಖ್ಯೆ ಹಾಕಿದ ಗಟ್ಟಿ ರಟ್ಟಿನ ಪುಸ್ತಕ, ಪೆನ್ನಿನ ಬರಹ, ವೈಟ್ನರ್ ಇಲ್ಲ. ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ. ಬೀಗದ ಬೀರುವಿನಲ್ಲಿ, ಗೋಡೆಯ ತೇವ ತಾಗದ ಕಡೆ ಇಡಿ. ಕೀಲಿ ಎರಡು: ಒಂದು ಹೊಣೆಗಾರರ ಹತ್ತಿರ, ಇನ್ನೊಂದು ಮೊಹರು ಹಾಕಿದ ಲಕೋಟೆಯಲ್ಲಿ ಮಂಡಳಿಯ ಆ ಸದಸ್ಯರ ಹತ್ತಿರ. ಹೊಣೆಗಾರರು ಬದಲಾಗುವ ದಿನ ಹಳಬರು, ಹೊಸಬರು ಎದುರುಬದುರು ಕೂತು ಪುಟ ಎಣಿಸಿ, ಬಾಕಿ ಪ್ರಕರಣಗಳ ಮುಂದಿನ ತಾರೀಖು ಓದಿ, ಕೊನೆಯ ಬರಹದ ಕೆಳಗೆ ಇಬ್ಬರೂ ಸಹಿ ಹಾಕಲಿ. ಗೋಡೆಯ ಮೇಲಿನ ಹಳೆಯ ನಂಬರನ್ನು ಬದಲಿಸುವುದೂ ಅದೇ ದಿನ.